ಒಂದು ಎತ್ತಿದವನು, ಹದಿಮೂರು ಎತ್ತಿದವಳು

"ಒಂದಾ?"

ಮಾತು ಅವಳಿಗೇ ಗೊತ್ತಿಲ್ಲದೆ ಬಾಯಿಂದ ಹೊರಬಿದ್ದಿತ್ತು. ಕೋಣೆಯಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು. ಅವಳು ಈ ತಂಡಕ್ಕೆ ಸೇರಿದಾಗಿನಿಂದ ಯಾರೂ ಕೇಳದೆ ತಾನಾಗಿ ಮಾತಾಡಿದ್ದು ಇದೇ ಮೊದಲು.

ಮೇಜಿನ ಆಚೆ ಬದಿಯಲ್ಲಿ ಅವತ್ತಷ್ಟೇ ಸೇರಿದ್ದ ಪ್ರೋಗ್ರಾಮರ್ ಕೂತಿದ್ದ. ಅವನು ಎತ್ತಿ ಹಿಡಿದಿದ್ದ ಕಾರ್ಡಿನ ಮೇಲೆ 'ಒಂದು' ಎಂದಿತ್ತು. ಅವಳು ಎತ್ತಿ ಹಿಡಿದಿದ್ದ ಕಾರ್ಡಿನ ಮೇಲೆ 'ಹದಿಮೂರು'.

ಅವನು ತನ್ನ ಕಾರ್ಡು ನೋಡಿಕೊಂಡ. ಅವಳದು ನೋಡಿದ. ಆಮೇಲೆ ಅವಳನ್ನು ನೋಡಿದ.

ಅವಳಿಗೆ ಕಿವಿ ಬಿಸಿಯಾಯಿತು.

"ನಿಯಮ ಗೊತ್ತಲ್ಲ?" ಎಂದರು ಲೀಡಮ್ಮ. ತಂಡದ ಲೀಡ್ ಅವರು. ಆ ಹೆಸರು ಯಾರು ಇಟ್ಟರೋ, ಈಗ ಅವರ ಗಂಡ ಫೋನ್ ಮಾಡಿದರೂ "ಲೀಡಮ್ಮ ಇದಾರಾ?" ಎಂದೇ ಕೇಳುವಷ್ಟು ಅಂಟಿಕೊಂಡಿತ್ತು. "ಅತಿ ಕಡಿಮೆ ಎತ್ತಿದವರು, ಅತಿ ಹೆಚ್ಚು ಎತ್ತಿದವರು, ಇಬ್ಬರೇ ಮಾತಾಡಬೇಕು. ಮಿಕ್ಕವರು ಬಾಯಿ ಮುಚ್ಕೊಂಡು ಕೇಳಬೇಕು. ದೊಡ್ಡಣ್ಣ, ಇದು ನಿನಗೆ."

"ನಾನೇನು ಅಂದೆ ಈಗ?" ಎಂದ ದೊಡ್ಡಣ್ಣ. ತಂಡದಲ್ಲಿ ಎಲ್ಲರಿಗಿಂತ ಹಳಬ, ಎಲ್ಲರಿಗಿಂತ ಬಾಯಾಳಿ.

ಔಷಧಿ ಅಂಗಡಿಗಳಿಗೆ ಸಾಫ್ಟ್‌ವೇರ್ ಮಾಡುವ ತಂಡ ಅದು. ಎರಡು ವಾರಕ್ಕೊಂದು ಸುತ್ತು. ಪ್ರತಿ ಸುತ್ತಿನ ಮೊದಲ ದಿನ ಎಲ್ಲರೂ ಈ ಕೋಣೆಯಲ್ಲಿ ಸೇರುತ್ತಿದ್ದರು. ಲೀಡಮ್ಮ ಒಂದೊಂದೇ ಕೆಲಸ ಓದಿ ಹೇಳುತ್ತಿದ್ದರು. ಸಣ್ಣ ಕೆಲಸ ಅನ್ನಿಸಿದರೆ ಸಣ್ಣ ಅಂಕಿ, ದೊಡ್ಡದು ಅನ್ನಿಸಿದರೆ ದೊಡ್ಡ ಅಂಕಿ, ಎಲ್ಲರೂ ಒಟ್ಟಿಗೇ ಕಾರ್ಡು ಎತ್ತಬೇಕು. ಎರಡು ತುದಿಯವರು ವಾದ ಮಾಡಿದ ಮೇಲೆ ಮತ್ತೊಮ್ಮೆ ಎತ್ತಿ ಒಂದು ಅಂಕಿಗೆ ಒಪ್ಪಬೇಕು. ಆ ಅಂಕಿಗಳನ್ನೆಲ್ಲ ಕೂಡಿಸಿ, ಈ ಸುತ್ತಿನಲ್ಲಿ ಎಷ್ಟು ಕೆಲಸ ಮುಗಿಸುತ್ತೇವೆ ಎಂದು ಮ್ಯಾನೇಜರ್‌ಗೆ ಮಾತು ಕೊಡುತ್ತಿದ್ದರು.

"ನೀವು ಮೊದಲು," ಎಂದರು ಲೀಡಮ್ಮ ಹೊಸಬನಿಗೆ.

"ಅಂಗಡಿಯೋರು ಅವಧಿ ಮುಗಿದ ಔಷಧಿನ ಕಂಪನಿಗೆ ವಾಪಸ್ ಕಳಿಸ್ತಾರೆ. ಅದಕ್ಕೊಂದು ಬಟನ್. ಒತ್ತಿದ್ರೆ ಸ್ಟಾಕಿಂದ ಕಳೀಬೇಕು. ಅಷ್ಟೇ ಅಲ್ವಾ?"

ಅವನದು ತಗ್ಗಿದ ದನಿ. ಕೊಬ್ಬಿನ ಮಾತಲ್ಲ, ನಿಜವಾಗಿಯೂ ಅಷ್ಟೇ ಅಂದುಕೊಂಡಿದ್ದ.

ಎಲ್ಲರೂ ಅವಳ ಕಡೆ ನೋಡಿದರು. ಅವಳು ತಂಡದ ಟೆಸ್ಟರ್. ಇವರು ಬರೆದದ್ದೆಲ್ಲ ಎಲ್ಲಿ ಮುರಿಯುತ್ತದೆ ಎಂದು ಹುಡುಕುವುದು ಅವಳ ಕೆಲಸ. ಮಾತು ಎಷ್ಟು ಮೆಲ್ಲಗೆಂದರೆ ಅವಳಿಗೆ 'ಪಿಸು' ಎಂದೇ ಹೆಸರಾಗಿತ್ತು.

"ಸ್ಟ್ರಿಪ್ ಅರ್ಧ ಮಾರಿದ್ರೆ?" ಎಂದಳು.

"ಅರ್ಧನಾ?"

"ಗಿರಾಕಿ ನಾಲ್ಕೇ ಮಾತ್ರೆ ಸಾಕು ಅಂತಾರೆ. ಕತ್ತರಿಸಿ ಕೊಡ್ತಾರೆ. ತಾರೀಖು ಅಚ್ಚಾಗಿರೋ ತುದಿ ಗಿರಾಕಿ ಜೊತೆ ಹೋಗಿರುತ್ತೆ. ಉಳಿದ ತುಂಡಿಗೆ ಯಾವ ತಾರೀಖು? ಕಂಪನಿಯೋರು ತುಂಡು ವಾಪಸ್ ತಗೊಳ್ಳಲ್ಲ. ಆಗ ಅದು ಸ್ಟಾಕಲ್ಲಿ ಇದೆಯೋ ಇಲ್ವೋ?"

ಸಾಮಾನ್ಯವಾಗಿ ಇಷ್ಟು ಹೊತ್ತಿಗೆ ಯಾರಾದರೂ "ಸರಿ ಸರಿ, ಗೊತ್ತಾಯ್ತು" ಅನ್ನುತ್ತಿದ್ದರು. ಅವಳು ಅಲ್ಲಿಗೇ ನಿಲ್ಲಿಸುತ್ತಿದ್ದಳು.

ಅವನು ಪೆನ್ನು ಕೆಳಗಿಟ್ಟ. "ಆಮೇಲೆ?"

ಆಮೇಲೆ ಎಂದು ಅವಳನ್ನು ಕೇಳಿದವರು ಕಡಿಮೆ. ಅವಳು ಹೇಳಿದಳು. ಒಂದೇ ಹೆಸರಿನ ಎರಡು ಬ್ಯಾಚು, ವಾಪಸ್ ಕಳಿಸಿದ್ದು ದಾರಿಯಲ್ಲಿ ಒಡೆದರೆ, ಕಳಿಸಿದ ಮೇಲೆ ಕಂಪನಿ ಅರ್ಧ ಮಾತ್ರ ಒಪ್ಪಿದರೆ… ಎಲ್ಲ ಹೇಳಿ ಮುಗಿಸಿದಳು.

ಎರಡನೇ ಸಲ ಕಾರ್ಡು ಎತ್ತಿದಾಗ ಅವನದು ಎಂಟು.

"ಸೋತೆ," ಎಂದ ಅವನು, ಅವಳಿಗೆ ಮಾತ್ರ ಹೇಳುವ ಹಾಗೆ.

ಅವಳು ತಲೆ ತಗ್ಗಿಸಿದಳು. ಗೆದ್ದವರು ಹೀಗೆ ತಲೆ ತಗ್ಗಿಸುತ್ತಾರಾ ಎಂದು ದೊಡ್ಡಣ್ಣ ಪಕ್ಕದವನನ್ನು ಕೇಳಿದ. ನಿಯಮದ ಪ್ರಕಾರ ಅವನು ಬಾಯಿ ಮುಚ್ಚಿಕೊಂಡಿರಬೇಕಿತ್ತು.

* * *

ಅವನಿಗೆ 'ಹೊಸಬ' ಎಂಬ ಹೆಸರೇ ನಿಂತಿತು. ಅವನ ನಂತರ ಇನ್ನೊಬ್ಬ ಬಂದು ಸೇರಿದ ಮೇಲೂ ಇವನೇ ಹೊಸಬ.

ಕೋಣೆಯ ಒಳಗೆ ಅಷ್ಟು ಮಾತಾಡಿದ ಇಬ್ಬರು ಹೊರಗೆ ಬಂದರೆ ಅಪರಿಚಿತರು. ಲಿಫ್ಟಿನಲ್ಲಿ ಸಿಕ್ಕರೆ ಇಬ್ಬರೂ ಬಾಗಿಲ ಮೇಲಿನ ಅಂಕಿಗಳನ್ನು ನೋಡುತ್ತ ನಿಲ್ಲುತ್ತಿದ್ದರು. ನೀರಿನ ಕ್ಯಾನಿನ ಹತ್ತಿರ ಒಮ್ಮೆ ಅವನು "ಇವತ್ತು ಸ್ವಲ್ಪ…" ಎಂದು ಶುರು ಮಾಡಿದ. ಸ್ವಲ್ಪ ಏನು ಎಂದು ಅವನಿಗೇ ಹೊಳೆಯಲಿಲ್ಲ. ಅವಳು "ಹೌದು" ಎಂದಳು. ಬಾಟಲಿ ತುಂಬಿ ನೀರು ಅವಳ ಚಪ್ಪಲಿಯ ಮೇಲೆ ಸುರಿಯಿತು. ಇಬ್ಬರೂ ಅದನ್ನು ನೋಡದವರಂತೆ ತಮ್ಮ ತಮ್ಮ ಜಾಗಕ್ಕೆ ಹೋದರು.

ಮುಂದಿನ ಸುತ್ತಿನ ಮೊದಲ ದಿನ ಬಂತು. ಅವನು ಮತ್ತೆ ಎಲ್ಲರಿಗಿಂತ ಕಡಿಮೆ ಎತ್ತಿದ.

ಅದರ ಮುಂದಿನ ಸುತ್ತಿನಲ್ಲೂ.

"ಬಿಲ್ಲು ರದ್ದು ಮಾಡೋದು ಒಂದಾ?" ಅವಳ ದನಿ ಒಂಚೂರು ಏರಿತ್ತು.

"ನನಗೆ ಹಾಗನ್ನಿಸ್ತು. ನಿಮಗೆ ಯಾಕೆ ದೊಡ್ಡದು ಅನ್ನಿಸ್ತು, ಹೇಳಿ."

"ಹಣ ಕಾರ್ಡಲ್ಲಿ ಬಂದಿದ್ರೆ ಹೇಗೆ ರದ್ದು ಮಾಡ್ತೀರಿ? ಅರ್ಧ ಕಾರ್ಡು, ಅರ್ಧ ನಗದು ಆಗಿದ್ರೆ?"

"ಹಾಗೂ ಕೊಡ್ತಾರಾ?"

"ನೀವು ಯಾವತ್ತೂ ಔಷಧಿ ಅಂಗಡಿಗೆ ಹೋಗೇ ಇಲ್ವಾ?"

ಕೋಣೆ ನಕ್ಕಿತು. ಅವನೂ ನಕ್ಕ. ಅವಳು ನಗಲಿಲ್ಲ.

ನನ್ನ ಕೆಲಸ ಅಂದ್ರೆ ಇವನಿಗೆ ಏನೂ ಅಲ್ಲ… ಬಟನ್ ಒತ್ತಿ ನೋಡೋದು ಅಷ್ಟೇ ಅಂದುಕೊಂಡಿದ್ದಾನೆ.

ಊಟದ ಮೇಜಿನಲ್ಲಿ ದೊಡ್ಡಣ್ಣ ಅದನ್ನೇ ಬಾಯಿ ಬಿಟ್ಟು ಹೇಳಿದ. "ಪಿಸು, ಅವನಿಗೆ ನಿನ್ನ ಕೆಲಸ ಅಂದ್ರೆ ತಮಾಷೆ ಕಣಮ್ಮ. ಬರೆಯೋರಿಗೆ ಯಾವತ್ತೂ ಹಾಗೇ, ಬರೆದಿದ್ದೇ ಮುಗೀತು ಅನ್ನೋ ಭ್ರಮೆ. ನಾನೂ ಹಾಗೇ ಇದ್ದೆ, ಮದುವೆ ಆದ್ಮೇಲೆ ಸರಿಹೋದೆ."

ಅಂದಿನಿಂದ ಅವಳು ತಯಾರಾಗಿ ಹೋಗತೊಡಗಿದಳು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು, ಅವನು ಏನು ಕೇಳಬಹುದು, ತಾನು ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದಳು. ಅವನ ಮಾತನ್ನೂ ತಾನೇ ಆಡುತ್ತಿದ್ದಳು. ಒಂದೊಂದು ಸಲ ಇಳಿಯುವ ಸ್ಟಾಪು ದಾಟಿಹೋಗುತ್ತಿತ್ತು.

ಅಂಥ ಒಂದು ಸುತ್ತಿನ ಮೊದಲ ದಿನ ಲೀಡಮ್ಮ ಒಂದು ಕೆಲಸ ಓದಿದರು. ಅವಳಿಗೆ ಅದು ಐದು ಅನ್ನಿಸಿತು. ಬಹಳವೆಂದರೆ ಎಂಟು.

ಅವಳ ಬೆರಳು ಹದಿಮೂರನ್ನು ಹಿಡಿಯಿತು.

ಐದು ಎತ್ತಿದರೆ ಬೇರೆ ಯಾರದೋ ಕಾರ್ಡು ಅದಕ್ಕಿಂತ ದೊಡ್ಡದಿರಬಹುದು. ಆಗ ಮಾತಿನ ಸರದಿ ಅವರಿಗೆ ಹೋಗುತ್ತದೆ. ಇದನ್ನು ಅವಳು ಇಷ್ಟು ಸ್ಪಷ್ಟವಾಗಿ ಯೋಚಿಸಲಿಲ್ಲ. ಯೋಚಿಸಿದ್ದರೆ ಕೈ ನಿಲ್ಲುತ್ತಿತ್ತು. ಅವನಿಗೆ ಬುದ್ಧಿ ಕಲಿಸುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು, ಅಷ್ಟೇ.

ಆ ದಿನ ಅವರಿಬ್ಬರ ವಾದ ಬಹಳ ಹೊತ್ತು ನಡೆಯಿತು. ಅವಳು ಕೈಯಾಡಿಸಿ ಮಾತಾಡಿದಳು. ಅವನು ಗಲ್ಲಕ್ಕೆ ಕೈಕೊಟ್ಟು ಕೇಳಿದ. ಮಿಕ್ಕವರು ಬೇಸತ್ತು, ಎರಡನೇ ಸಲ ಕೈಗೆ ಸಿಕ್ಕ ನಡುವಿನ ಕಾರ್ಡು ಎತ್ತಿ ಮುಗಿಸಿದರು.

ಮುಂದೆ ಅದೇ ಅಭ್ಯಾಸವಾಯಿತು.

* * *

"ಯಾರೇ ಅವನು ಹೊಸಬ?" ಎಂದಳು ಅಕ್ಕ.

ಅವಳು ಅಕ್ಕ ಭಾವನ ಮನೆಯಲ್ಲಿದ್ದಳು. ಅಕ್ಕ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಿದ್ದಳು. ಸಂಜೆ ಇಬ್ಬರೂ ಅಡುಗೆಮನೆಯಲ್ಲಿ ನಿಂತು ಪಾತ್ರೆ ತೊಳೆಯುತ್ತಿದ್ದರು. ಅಕ್ಕ ತೊಳೆಯುವುದು, ತಂಗಿ ಒರೆಸುವುದು.

"ಯಾಕೆ?"

"ಮೂರು ಹೊತ್ತೂ ಅವನ ಮೇಲೆ ದೂರು. ಹಾಗಂದ, ಹೀಗಂದ. ನಿನ್ನ ಬಾಯಲ್ಲಿ ಇಷ್ಟು ಮಾತಿದೆ ಅಂತ ನನಗೇ ಗೊತ್ತಿರಲಿಲ್ಲ."

"ಕೆಲಸದ ವಿಷಯ ಕಣೆ."

"ಇರಬಹುದು. ನಮ್ಮ ಕ್ಲಿನಿಕ್ಕಿಗೆ ಒಬ್ಬ ಬರ್ತಾನೆ. ಹಲ್ಲೆಲ್ಲ ಗಟ್ಟಿಯಾಗಿವೆ. ಆದರೂ ವಾರ ವಾರ ಅಪಾಯಿಂಟ್‌ಮೆಂಟ್. ಡಾಕ್ಟರಿಗೆ ತಲೆಬಿಸಿ. ನನಗೆ ಗೊತ್ತು, ಅವನಿಗೆ ನೋವಿರೋದು ಅಸಿಸ್ಟೆಂಟ್ ಹುಡುಗಿ ಕಡೆ."

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಏನೂ ಇಲ್ಲಮ್ಮ. ಆ ತಟ್ಟೆ ಆಗಲೇ ಒರೆಸಿದ್ದೀಯ. ಎರಡನೇ ಸಲ ಒರೆಸ್ತಿದ್ದೀಯ."

* * *

ತಂಡ ಕೊಟ್ಟ ಮಾತು ಉಳಿಸಿಕೊಳ್ಳುತ್ತಿರಲಿಲ್ಲ. ಒಂದು ಸುತ್ತಿನ ಕೆಲಸ ಮುಂದಿನ ಸುತ್ತಿಗೆ ಚೆಲ್ಲುತ್ತಿತ್ತು. ಅಲ್ಲಿಂದ ಅದರ ಮುಂದಿನದಕ್ಕೆ. ಗೋಡೆಯ ಮೇಲೆ ದೊಡ್ಡ ಬೋರ್ಡು. ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ. ಮಾಡಬೇಕಾದ್ದು, ಮಾಡುತ್ತಿರುವುದು, ಟೆಸ್ಟಿಂಗಿಗೆ ಕಾದಿರುವುದು, ಮುಗಿದದ್ದು ಎಂದು ನಾಲ್ಕು ಸಾಲು. ಚೀಟಿಗಳೆಲ್ಲ ಮೂರನೆಯ ಸಾಲಿನಲ್ಲಿ ಒಂದರ ಮೇಲೊಂದು ಅಂಟಿಕೊಂಡು ಜೋತಾಡುತ್ತಿದ್ದವು.

ಮೂರನೆಯ ಸಾಲು ಅವಳದು.

ಸುತ್ತಿನ ಕೊನೆಯ ದಿನ ಲೀಡಮ್ಮ ಎಲ್ಲರನ್ನೂ ಕೂರಿಸಿಕೊಂಡು, ಯಾಕೆ ಹೀಗಾಗ್ತಿದೆ ಎಂದು ಕೇಳಿದರು.

"ಅಂಗಡಿಯೋರು ನೇರ ನನಗೇ ಫೋನ್ ಮಾಡ್ತಾರೆ," ಎಂದ ದೊಡ್ಡಣ್ಣ. "ಒಂದು ಸಾಲು ಬರೆಯೋಷ್ಟರಲ್ಲಿ ಟ್ರಿಣ್. ಮತ್ತೆ ಎಲ್ಲಿದ್ದೆ ಅಂತ ಹುಡುಕೋಕೆ ಅರ್ಧ ದಿನ."

"ನಿನ್ನ ನಂಬರ್ ಕೊಟ್ಟೋರ್ಯಾರು?"

"ನಾನೇ. ಒಳ್ಳೇತನ."

ಮತ್ತೊಬ್ಬ ಮೆಷಿನ್ ನಿಧಾನ ಎಂದ. ಇನ್ನೊಬ್ಬ, ಮ್ಯಾನೇಜರ್ ಸುತ್ತಿನ ನಡುವೆ ಬಂದು ಬೇರೆ ಕೆಲಸ ತುರುಕುತ್ತಾರೆ, ಅದನ್ನು ಯಾರೂ ಹೇಳಲ್ಲ ಎಂದ. ಒಬ್ಬೊಬ್ಬರೂ ಮೂರು ಮೂರು ಕೆಲಸ ಶುರು ಮಾಡಿ ಯಾವುದನ್ನೂ ಮುಗಿಸುತ್ತಿಲ್ಲ ಎಂದು ಲೀಡಮ್ಮ ತಾವೇ ಹೇಳಿದರು.

ಹೊಸಬ ಏನೂ ಹೇಳಲಿಲ್ಲ. ಅವಳೂ ಹೇಳಲಿಲ್ಲ.

ದೊಡ್ಡಣ್ಣನ ಫೋನು ಕೆಳಮಹಡಿಯ ದೂರು ವಿಭಾಗಕ್ಕೆ ಹೋಯಿತು. ಮೆಷಿನ್ನುಗಳು ಬದಲಾದವು. ಮ್ಯಾನೇಜರ್ ನಡುವೆ ಬಾಯಿ ಹಾಕುವುದಿಲ್ಲ ಎಂದು ಒಪ್ಪಿಕೊಂಡರು. ಒಬ್ಬರಿಗೆ ಒಂದು ಸಲಕ್ಕೆ ಒಂದೇ ಕೆಲಸ ಎಂದಾಯಿತು. ಎಲ್ಲವೂ ಸ್ವಲ್ಪ ಸ್ವಲ್ಪ ಸುಧಾರಿಸಿತು.

ಆದರೂ ಮುಂದಿನ ಸುತ್ತು ಚೆಲ್ಲಿತು. ಅಂಕಿ ಮೂರು ಅಂದುಕೊಂಡ ಕೆಲಸ ವಾರ ತಿನ್ನುತ್ತಿತ್ತು. ಎಂಟು ಅಂದುಕೊಂಡದ್ದು ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಯಾವ ಅಂಕಿಯನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ಲೀಡಮ್ಮನಿಗೂ ತಿಳಿಯದಾಯಿತು.

ಮ್ಯಾನೇಜರ್ ಬಂದು ಬೋರ್ಡಿನ ಮುಂದೆ ಕೈಕಟ್ಟಿ ನಿಂತರು. ಸಭ್ಯ ಮನುಷ್ಯ. ಬೈಯುವುದನ್ನೂ ಆರೋಗ್ಯ ವಿಚಾರಿಸಿದ ಹಾಗೆ ಮಾಡುತ್ತಿದ್ದರು.

"ಎಲ್ಲ ಟೆಸ್ಟಿಂಗಲ್ಲೇ ನಿಂತಿದೆಯಲ್ಲ ಮೇಡಂ. ಈ ಸುತ್ತೂ ಹೀಗೇ ಆದ್ರೆ ನಿಮ್ಮ ಟೆಸ್ಟರನ್ನ ಪಕ್ಕದ ಕಟ್ಟಡದ ಹಾಲಿಗೆ ಕಳಿಸೋಣ. ಅಲ್ಲಿ ಎಲ್ಲ ತಂಡದ ಟೆಸ್ಟರುಗಳೂ ಒಟ್ಟಿಗೆ ಕೂರ್ತಾರೆ. ನೀವು ಕೆಲಸ ಕಳಿಸಿ, ಅವರು ನೋಡಿ ವಾಪಸ್ ಕಳಿಸ್ತಾರೆ. ಮಾತಿನ ಗೊಡವೆನೇ ಇರಲ್ಲ."

ಆ ಹಾಲನ್ನು ಅವಳು ನೋಡಿದ್ದಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೆಲವು ತಿಂಗಳು ಅಲ್ಲೇ ಕೂತಿದ್ದಳು. ಉದ್ದುದ್ದ ಮೇಜು, ಎಲ್ಲರ ಕಿವಿಯಲ್ಲೂ ಹೆಡ್‌ಫೋನು. ಬೆಳಗ್ಗೆ ಒಳಗೆ ಹೋಗಿ ಸಂಜೆ ಹೊರಗೆ ಬರುವವರೆಗೆ ಒಂದು ಮಾತೂ ಆಡದೆ ಇರಬಹುದಿತ್ತು. ಎಷ್ಟೋ ದಿನ ಮನೆಗೆ ಬಂದು ಅಕ್ಕನನ್ನು ಮಾತಾಡಿಸುವಾಗ ಗಂಟಲು ಕಟ್ಟಿಕೊಂಡಿರುತ್ತಿತ್ತು. ಈ ತಂಡಕ್ಕೆ ಬಂದ ಮೇಲೆ, ಆ ಕಾರ್ಡುಗಳ ಕೋಣೆಯಲ್ಲಿ, ತನ್ನ ದನಿ ಹೇಗಿದೆ ಎಂದು ಅವಳಿಗೇ ಗೊತ್ತಾಗಿತ್ತು.

ಅಲ್ಲಿಗೆ ವಾಪಸ್ ಹೋಗಬಾರದು. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ನಾನೇ ನಿಧಾನ. ಎಲ್ಲರದೂ ನನ್ನ ಹತ್ತಿರ ಬಂದು ನಿಲ್ತಿದೆ… ನಾನೇ.

ಆ ಸುತ್ತಿನಲ್ಲಿ ಅವಳು ಊಟಕ್ಕೆ ಏಳಲಿಲ್ಲ. ಡಬ್ಬಿ ಕೀಬೋರ್ಡಿನ ಪಕ್ಕದಲ್ಲೇ ತಣ್ಣಗಾಗುತ್ತಿತ್ತು. ಎರಡು ಮೇಜಿನ ಆಚೆಯಿಂದ ಹೊಸಬ ಅದನ್ನು ನೋಡುತ್ತಿದ್ದ. ಒಂದು ದಿನ ಎದ್ದು ಅವಳ ಕುರ್ಚಿಯ ಹಿಂದೆ ಬಂದು ನಿಂತ.

"ನಾನು ಸ್ವಲ್ಪ ನೋಡ್ಲಾ? ನೀವು ಊಟ ಮಾಡಿ."

"ನಿಮ್ಮ ಪ್ರಕಾರ ಇದು ಒಂದರ ಕೆಲಸ ಅಲ್ವಾ?" ಎಂದಳು, ತಿರುಗದೆ. "ಬೇಗ ಮುಗಿಯುತ್ತೆ ಬಿಡಿ."

ಅವನು ತನ್ನ ಜಾಗಕ್ಕೆ ಹೋದ.

* * *

ಸುತ್ತು ಮುಗಿದಾಗ ಮೂರನೆಯ ಸಾಲಿನಲ್ಲಿ ಚೀಟಿಗಳು ಉಳಿದಿದ್ದವು. ಮೊದಲಿಗಿಂತ ಕಡಿಮೆ. ಆದರೆ ಉಳಿದಿದ್ದವು.

ಮ್ಯಾನೇಜರ್ ಬಂದರು. ಕುರ್ಚಿ ಎಳೆದುಕೊಂಡು ಕೂತರು. ಅವಳ ಮುಖ ನೋಡದೆ ಲೀಡಮ್ಮನಿಗೆ ಹೇಳಿದರು. "ಸೋಮವಾರದಿಂದ ಮಾಡೋಣ ಅಲ್ವಾ ಮೇಡಂ, ಆ ಬದಲಾವಣೆ?"

ಲೀಡಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಉತ್ತರ ಹೊಳೆಯದಿದ್ದಾಗ ಅವರು ಮಾಡುವ ಕೆಲಸ ಅದು.

"ತಪ್ಪು ಅವರದ್ದಲ್ಲ," ಎಂದ ಹೊಸಬ.

ಎಲ್ಲರೂ ತಿರುಗಿದರು.

"ನಾನು ಸುಳ್ಳು ಅಂಕಿ ಎತ್ತುತ್ತಿದ್ದೆ. ಮೊದಲ ದಿನದ್ದು ಬಿಟ್ಟು. ಕೆಲಸ ದೊಡ್ಡದು ಅಂತ ಗೊತ್ತಿದ್ದೂ ಒಂದು, ಎರಡು ಎತ್ತುತ್ತಿದ್ದೆ. ಅದರಿಂದ ನಾವು ಒಪ್ಪೋ ಅಂಕಿನೇ ಕೆಟ್ಟುಹೋಯ್ತು. ಹೊರೆ ಜಾಸ್ತಿ ಆಗಿ ಅವರ ಹತ್ತಿರ ಹೋಗಿ ಬಿತ್ತು."

"ಯಾಕಪ್ಪ?" ಎಂದರು ಮ್ಯಾನೇಜರ್. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ನಿನಗೇನು ಲಾಭ?"

ಅವನು ಮೇಜಿನ ಅಂಚು ನೋಡುತ್ತಿದ್ದ.

"ಕಡಿಮೆ ಎತ್ತಿದ್ರೆ ಅವರ ಜೊತೆ ಮಾತಾಡೋ ಸರದಿ ಸಿಗ್ತಿತ್ತು."

ದೊಡ್ಡಣ್ಣ ಕೂಡ ನಿಯಮವಿಲ್ಲದೆಯೇ ಬಾಯಿ ಮುಚ್ಚಿಕೊಂಡಿದ್ದ.

ಈಗ ಹೇಳಬೇಕು. ನಾನೂ… ನಾನೂ ಹಾಗೇ ಮಾಡಿದೆ ಎಂದು ಈಗಲೇ ಹೇಳಬೇಕು. ತುಟಿ ತೆರೆಯಿತು. ಉದ್ದುದ್ದ ಮೇಜಿನ ಆ ಹಾಲು ಕಣ್ಣ ಮುಂದೆ ಬಂತು. ತುಟಿ ಮುಚ್ಚಿತು.

ಮ್ಯಾನೇಜರ್ ಎರಡು ಕ್ಷಣ ಯೋಚಿಸಿದರು. ಪ್ರೇಮದ ವಿಷಯದಲ್ಲಿ ಅವರಿಗೆ ಅಭಿಪ್ರಾಯ ಇದ್ದಂತಿರಲಿಲ್ಲ. ಅಂಕಿಗಳ ವಿಷಯದಲ್ಲಿ ಇತ್ತು. ಹೊಸಬ ಸೋಮವಾರದಿಂದ ಕೆಳಮಹಡಿಯ ದೂರು ವಿಭಾಗಕ್ಕೆ, ಟೆಸ್ಟರ್ ಇನ್ನೊಂದು ಸುತ್ತು ಇಲ್ಲೇ ಇರಲಿ, ನೋಡೋಣ ಎಂದು ಎದ್ದು ಹೋದರು.

ಅವನು ಕಾರಿಡಾರಿನಲ್ಲಿ ಅವಳಿಗಾಗಿ ಕಾದಿದ್ದ.

"ಕ್ಷಮಿಸಿ. ಎಲ್ಲರ ಮುಂದೆ ಹಾಗೆ…"

"ಮಾತಾಡಬೇಕಿದ್ರೆ ಮಾತಾಡಿಸಬಹುದಿತ್ತು," ಎಂದಳು. "ನಾನೇ ನಿಧಾನ ಅಂದ್ಕೊಂಡೆ. ನನಗೆ ಈ ಕೆಲಸ ಬರಲ್ವೇನೋ ಅಂದ್ಕೊಂಡೆ. ನೀವು ಅಲ್ಲಿ ಕೂತು ನೋಡ್ತಿದ್ರಿ."

"ಹೌದು."

"ಅಷ್ಟೇನಾ?"

"ಇನ್ನೇನು ಹೇಳ್ಲಿ? ಹೌದು, ನೋಡ್ತಿದ್ದೆ. ಹೇಳೋಕೆ ಧೈರ್ಯ ಬರಲಿಲ್ಲ."

ಅವಳು ನಡೆದುಬಿಟ್ಟಳು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹೇಳದೆ ಬಿಟ್ಟದ್ದು ಮಾತ್ರ ಬಹಳ ಇತ್ತು.

* * *

ಅವನಿಲ್ಲದ ಸುತ್ತು ಶುರುವಾಯಿತು.

ಅವಳು ತನಗೆ ಅನ್ನಿಸಿದ ಅಂಕಿಯನ್ನೇ ಎತ್ತಿದಳು. ಒಂದು ಕೆಲಸಕ್ಕೆ ಅವಳದು ಎಂಟು, ದೊಡ್ಡಣ್ಣನದು ಮೂರು.

"ನೀನೇ ಹೇಳಿದ ಮೇಲೆ ಎಂಟೇ ಇರಲಿ ಬಿಡಮ್ಮ," ಎಂದ ದೊಡ್ಡಣ್ಣ.

"ಯಾಕೆ ಅಂತ ಕೇಳಲ್ವಾ?"

"ನಂಬಿಕೆ."

ಕೆಲಸಗಳು ಒಂದೊಂದಾಗಿ ನಾಲ್ಕನೆಯ ಸಾಲಿಗೆ ಸರಿದವು. ಕೊನೆಯ ದಿನ ಮೂರನೆಯ ಸಾಲು ಖಾಲಿ. ಮ್ಯಾನೇಜರ್ ಬಂದು ನೋಡಿ, ಆರೋಗ್ಯವಂತರನ್ನು ನೋಡಿದ ಡಾಕ್ಟರಂತೆ ತಲೆದೂಗಿ ಹೋದರು. ಆ ಹಾಲಿಗೆ ಕಳಿಸುವ ಮಾತು ಎತ್ತಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಸಿಕ್ಕಿತ್ತು. ಅದೇ ಕುರ್ಚಿ, ಅದೇ ಕೋಣೆ. ಆ ಇಡೀ ಎರಡು ವಾರದಲ್ಲಿ ಅವಳನ್ನು "ಆಮೇಲೆ?" ಎಂದು ಯಾರೂ ಕೇಳಿರಲಿಲ್ಲ, ಅಷ್ಟೇ.

ಲೀಡಮ್ಮ ಎಲ್ಲರನ್ನೂ ಕೂರಿಸಿಕೊಂಡು, ಈ ಸಲ ಯಾವುದು ಚೆನ್ನಾಯಿತು ಎಂದು ಕೇಳಿದರು.

"ಇದರಲ್ಲಿ ಕೇಳೋದೇನಿದೆ?" ಎಂದ ದೊಡ್ಡಣ್ಣ. "ಹೊಸಬ ಹೋದ. ಪೀಡೆ ತೊಲಗಿತು. ಹುಡುಗಿ ಮುಂದೆ ಕೂರೋಕೆ ಕಂಪನಿ ಮುಳುಗಿಸ್ತಿದ್ದ ಮಹಾರಾಯ."

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ. ಗೆದ್ದ ದಿನದ ನಗು.

ಅವಳು ಎದ್ದು ನಿಂತಳು. ಆ ಕೋಣೆಯಲ್ಲಿ ಯಾರೂ ಎದ್ದು ನಿಂತು ಮಾತಾಡುತ್ತಿರಲಿಲ್ಲ. ಯಾಕೆ ನಿಂತೆ ಎಂದು ಅವಳಿಗೂ ಗೊತ್ತಾಗಲಿಲ್ಲ.

"ನಾನೂ ಸುಳ್ಳು ಎತ್ತುತ್ತಿದ್ದೆ."

"ಏನು?" ಎಂದರು ಲೀಡಮ್ಮ. ಕೇಳಿಸದೆ ಅಲ್ಲ. ಅವಳ ದನಿ ಇವತ್ತು ಗೋಡೆಗೆ ತಾಗುವಷ್ಟಿತ್ತು.

"ಐದು ಅನ್ನಿಸಿದ್ದಕ್ಕೆ ಹದಿಮೂರು ಎತ್ತುತ್ತಿದ್ದೆ. ಅವರು ಕಡಿಮೆ ಎತ್ತುತ್ತಾರೆ ಅಂತ ಗೊತ್ತಿತ್ತು. ನಾನು ಎಲ್ಲರಿಗಿಂತ ಹೆಚ್ಚು ಎತ್ತಿದ್ರೆ ಅವರ ಜೊತೆ ಮಾತಾಡೋದು ನಾನೇ ಆಗ್ತಿತ್ತು. ಅಂಕಿ ಕೆಟ್ಟಿದ್ದು ಅವರೊಬ್ಬರಿಂದ ಅಲ್ಲ. ಆವತ್ತೇ ಹೇಳಬೇಕಿತ್ತು. ಹಾಲಿಗೆ ಕಳಿಸ್ತಾರೆ ಅಂತ ಹೆದರಿ ಸುಮ್ಮನಾದೆ."

ಅವಳು ಕೂತಳು.

ದೊಡ್ಡಣ್ಣ ಲೀಡಮ್ಮನ ಮುಖ ನೋಡಿದ. ಲೀಡಮ್ಮ ಕನ್ನಡಕ ತೆಗೆಯಲಿಲ್ಲ.

"ಅಂದ್ರೆ ಇಬ್ಬರೂ ಸೇರಿ," ಎಂದರು ನಿಧಾನವಾಗಿ, "ನನ್ನ ತಲೆ ತಿಂದ್ರಿ. ನಾನು ಮೆಷಿನ್ ಬದಲಾಯಿಸಿದೆ. ಫೋನ್ ಕಿತ್ತಾಕಿಸಿದೆ. ಮ್ಯಾನೇಜರ್ ಜೊತೆ ಜಗಳ ಆಡಿದೆ. ಮನೆಗೆ ಹೋಗಿ ಗಂಡನ ಮೇಲೆ ರೇಗಿದೆ. ಅವರು ಪಾಪ ಏನು ಮಾಡಿದ್ರು?"

"ಕ್ಷಮಿಸಿ ಮೇಡಂ."

"ಮ್ಯಾನೇಜರಿಗೆ ಹೇಳಲೇಬೇಕು ನಾನು."

"ಹೇಳಿ."

ಲೀಡಮ್ಮ ಎದ್ದು ಹೋದರು. ಮಿಕ್ಕವರು ಅಲ್ಲೇ ಕೂತಿದ್ದರು. ಕೊನೆಗೆ ದೊಡ್ಡಣ್ಣ, "ಪೀಡೆ ಅಂದಿದ್ದು ವಾಪಸ್ ತಗೊಂಡೆ," ಎಂದ. ಸ್ವಲ್ಪ ತಡೆದು, "ನನಗೆ ಹೇಳಿದ್ರೆ ನಾನೇ ಅವನಿಗೆ ಹೇಳ್ತಿದ್ನಲ್ಲಮ್ಮ, ಒಂದು ಕಾಫಿ ಖರ್ಚಲ್ಲಿ ಮುಗೀತಿತ್ತು," ಎಂದ.

ಲೀಡಮ್ಮ ವಾಪಸ್ ಬಂದರು.

"ಮೂರನೇ ಸಾಲು ಖಾಲಿ ಇರೋವಾಗ ನಿನ್ನನ್ನ ಯಾಕೆ ಕಳಿಸೋದು ಅಂದ್ರು. ಇಲ್ಲೇ ಇರು. ಕ್ಷಮಿಸಿದ್ದೀನಿ ಅಂದ್ಕೋಬೇಡ, ನನಗೆ ಇನ್ನೂ ಕೋಪ ಇದೆ. ಇನ್ನೊಂದೆರಡು ಸುತ್ತು ಇರುತ್ತೆ."

"ಅವರು… ವಾಪಸ್ ಬರ್ತಾರಾ?"

"ಇಲ್ಲ. ನಿಮ್ಮಿಬ್ಬರನ್ನ ಒಂದೇ ಮೇಜಿನಲ್ಲಿ ಕೂರಿಸೋ ಧೈರ್ಯ ನನಗಿಲ್ಲ." ಲೀಡಮ್ಮ ಕುರ್ಚಿ ಎಳೆದುಕೊಂಡರು. "ಮತ್ತೆ ಇಲ್ಲೇನು ಕೂತಿದ್ದೀಯ? ಹೇಳಬೇಕಾಗಿರೋದು ನನಗಾ?"

* * *

ಕೆಳಮಹಡಿಗೆ ಕಿಟಕಿಗಳಿರಲಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಮೇಜುಗಳು, ಎಲ್ಲ ಕಡೆ ಫೋನಿನ ಸದ್ದು. ಅವನು ಮೂಲೆಯಲ್ಲಿ ಕೂತು ಯಾರಿಗೋ ಸಮಾಧಾನ ಹೇಳುತ್ತಿದ್ದ.

"ಇಲ್ಲ ಸರ್, ಸಾಫ್ಟ್‌ವೇರ್ ಹಾಳಾಗಿಲ್ಲ… ಸ್ಕ್ರೀನ್ ಕಪ್ಪಗಿದೆ, ಸರಿ… ವೈರ್ ಗೋಡೆಗೆ ಹಾಕಿದ್ಯಾ ಒಂದ್ಸಲ ನೋಡಿ ಸರ್… ಪರವಾಗಿಲ್ಲ ಸರ್, ಎಲ್ಲರಿಗೂ ಆಗುತ್ತೆ."

ಫೋನಿಟ್ಟು ತಲೆ ಎತ್ತಿದ. ಅವಳು ಎದುರಿಗೆ ನಿಂತಿದ್ದಳು.

ಅವನು ಎದ್ದ. ಪಕ್ಕದ ಖಾಲಿ ಕುರ್ಚಿ ಎಳೆದ. ಅದರ ಮೇಲಿದ್ದ ಯಾರದೋ ಜಾಕೆಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ.

"ಕೂತ್ಕೊಳ್ಳಿ."

"ಬೇಡ. ಕೂತ್ರೆ ಹೇಳೋಕಾಗಲ್ಲ," ಎಂದಳು. "ನಾನೂ ಸುಳ್ಳು ಎತ್ತುತ್ತಿದ್ದೆ."

"ಹದಿಮೂರಾ?"

"ಹೂಂ."

"ಯಾವಾಗಿಂದ?"

"ಬಿಲ್ಲು ರದ್ದು ಮಾಡೋ ಕೆಲಸ ಬಂತಲ್ಲ, ಅದಾದ ಮೇಲಿಂದ. ನಿಮಗೆ ಬುದ್ಧಿ ಕಲಿಸ್ತಿದ್ದೀನಿ ಅಂದ್ಕೊಂಡಿದ್ದೆ. ಅಲ್ಲ. ಇಡೀ ವಾರ ಬಸ್ಸಲ್ಲಿ ನಿಮ್ಮ ಜೊತೆನೇ ಮಾತಾಡ್ತಿದ್ದೆ, ನೀವಿಲ್ಲದೆ. ಆವತ್ತು ಮ್ಯಾನೇಜರ್ ಮುಂದೆ ನೀವೊಬ್ಬರೇ ಹೇಳಿದ್ರಿ. ನಾನು ಸುಮ್ಮನಿದ್ದೆ. ಆಮೇಲೆ ಕಾರಿಡಾರಲ್ಲಿ ನಿಮ್ಮನ್ನೇ ಬೈದೆ. ಈಗ ಮೇಲೆ ಎಲ್ಲರಿಗೂ ಹೇಳಿ ಬಂದೆ."

"ಎಲ್ಲರಿಗೂನಾ?" ಅವನ ಮುಖ ಬಿಳಿಚಿತು. "ಹಾಲಿಗೆ ಕಳಿಸ್ತಾರಾ?"

"ಇಲ್ಲ. ಮೂರನೇ ಸಾಲು ಖಾಲಿ ಇದೆಯಲ್ಲ, ಈಗ ಬೇಡವಂತೆ."

ಅವನು ಉಸಿರು ಬಿಟ್ಟ. ಕೈಯಲ್ಲಿದ್ದ ಜಾಕೆಟ್ಟನ್ನು ಕೊನೆಗೂ ಮೇಜಿನ ಮೇಲಿಟ್ಟ. ಅವನ ತುಟಿಯ ಅಂಚಿನಲ್ಲಿ ನಗು ಬಂದು, ಬರಬಹುದೋ ಬೇಡವೋ ಎಂದು ತಡೆಯಿತು.

"ನಿಮ್ಮ ಜೊತೆ ಮಾತಾಡೋಕೆ ಬೇರೆ ದಾರಿ ನನಗೆ ಗೊತ್ತಿರಲಿಲ್ಲ," ಎಂದ. "ನೀರಿನ ಕ್ಯಾನ್ ಹತ್ರ ಒಂದ್ಸಲ ಪ್ರಯತ್ನ ಪಟ್ಟೆ."

"ನನಗೂ ಗೊತ್ತಿರಲಿಲ್ಲ."

"ಈಗ?"

"ಈಗ ಮೆಟ್ಟಿಲು ಇಳಿದು ಬಂದೆನಲ್ಲ."

ಅವನ ಫೋನು ಹೊಡೆದುಕೊಂಡಿತು. ಅವನು ತೆಗೆಯಲಿಲ್ಲ. ಅದು ತಾನಾಗಿ ನಿಂತಿತು. ಎಲ್ಲೋ ಒಂದು ಅಂಗಡಿಯಲ್ಲಿ ಒಬ್ಬರು ಕಪ್ಪು ಸ್ಕ್ರೀನಿನ ಮುಂದೆ ಗೊಣಗಿಕೊಂಡಿರಬೇಕು.

"ಇನ್ನೂ ಕೋಪ ಇದೆಯಾ?" ಎಂದ.

"ಇದೆ, ಸ್ವಲ್ಪ. ನಾನು ಊಟ ಮಾಡದೆ ಕೂತಿದ್ದೆನಲ್ಲ, ಅದಕ್ಕೆ. ಮಿಕ್ಕಿದ್ದಕ್ಕೆ ಇಲ್ಲ." ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. "ನನಗೆ ನೀವು ಇಷ್ಟ. ಇದನ್ನ ಮೊದಲೇ ಹೇಳೋಣ ಅಂತಿದ್ದೆ, ಮಾತು ಎಲ್ಲೆಲ್ಲೋ ಹೋಯ್ತು."

ಅವನು ಹೌದು ಎಂಬಂತೆ ತಲೆಯಾಡಿಸಿದ. ಮತ್ತೊಮ್ಮೆ ಆಡಿಸಿದ, ಮೊದಲನೆಯದು ಅವಳಿಗೆ ಕಾಣಲಿಲ್ಲವೇನೋ ಎಂಬಂತೆ.

"ಮುಂದೆ ಹೇಳಿ," ಎಂದ ಕೊನೆಗೆ.

"ಮುಂದೆ ಏನೂ ಇಲ್ಲ. ಹೇಳೋಕೆ ಬಂದಿದ್ದು ಇಷ್ಟೇ. ಎಲ್ಲ ಖಾಲಿ ಆಯ್ತು."

"ಹಾಗಾದ್ರೆ ಸ್ವಲ್ಪ ಹೊತ್ತು ಸುಮ್ಮನೆ ಕೂತ್ಕೊಳ್ಳಿ."

"ಏನೂ ಮಾತಾಡದೆನಾ?"

"ಏನೂ ಮಾತಾಡದೆ."

ಅವಳು ಕೂತಳು.